ಹಸ್ತೆ

ಸೇಡಂ ತಹಸೀಲಿನ ಕಟ್ಟೆಯ ಮೇಲೆ
ಹಳೇ ಉರ್ದು ಓದುವವನು ಈಗ ನಾನೊಬ್ಬನೇ.
ಪುಟಕ್ಕಿಷ್ಟು ಅಂತ ದರ. ಚಹಾ ಬೇರೆ.

ಸೂಗಮ್ಮ ಬಳೆಪೆಟ್ಟಿಗೆ ತಂದಳು.
ಒಳಗೆ ಬಳೆಯಿಲ್ಲ, ಕಂದಾಯದ ರಸೀದಿ,
ದಾರಕ್ಕೆ ಪೋಣಿಸಿದ್ದು.
ಅತ್ತೆ ಕಟ್ಟಿದ್ದು ಉರ್ದು, ತಾನು ಕಟ್ಟಿದ್ದು ಕನ್ನಡ.
"ಮುನ್ಶಿಸಾಬ್, ನಮ್ಮ ಹೆಸರ ಎಲ್ಲದ ನೋಡ್ರಿ."

ಪಟ್ಟೇದಾರ ವಾಮನರಾವ, ಮುಕ್ಕಾಂ ಹೈದರಾಬಾದ್.
ಮೂರೆಕರೆ ಹದಿನೈದು ಗುಂಟೆ.
ಹೆಸರು ಇತ್ತು, ಅಡಿಯಲ್ಲಿ, ಮೊಹರಿನ ಮಸಿಯೊಳಗೆ:
ಬದಸ್ತ್ ಭಾಗವ್ವ. ಹಸ್ತೆ ಸೂಗಮ್ಮ.
ಎರಡಕ್ಕೂ ಅರ್ಥ ಒಂದೇ. ಕೈಯಿಂದ.

ಉಳುವವನಿಗೆ ಭೂಮಿ ಅಂತ ಡಂಗುರ ಹೊಡೆದ ವರ್ಷ
ಫಾರಂ ತುಂಬಲು ಹೋಗಿದ್ದಳಂತೆ.
"ಗಂಡಸರನ್ನ ಕರಕೊಂಡ ಬಾ" ಅಂದರಂತೆ.
ಗಂಡ ಶಹಾಬಾದಿನ ಕಲ್ಲುಖಣಿಯಲ್ಲಿ;
ಬರುವಷ್ಟರಲ್ಲಿ ತಾರೀಖು ದಾಟಿತ್ತು.
ಆ ವರ್ಷದ ಕಂದಾಯ ಮಾತ್ರ
ತಾರೀಖಿಗೇ ಕಟ್ಟಿದ್ದಾಳೆ. ರಸೀದಿ ಅದ.

ಈಗ ತೊಗರಿಯ ಬೇರಿನ ಕೆಳಗೆ
ಸಿಮೆಂಟಿಗೆ ಬೇಕಾದ ಸುಣ್ಣಕಲ್ಲು.
ವಾಮನರಾವನ ಮೊಮ್ಮಗ ಕಾರಿಳಿದು
ನಮ್ಮ ಗಡಿಕಲ್ಲು ಯಾವುದು ಅಂತ ಇವಳನ್ನೇ ಕೇಳಿದ.
ಇವಳೇ ತೋರಿಸಿದಳು.
ಸುಳ್ಳು ತೋರಿಸಲು ಬರಲಿಲ್ಲವಂತೆ.

ಕಂಪ್ಯೂಟರಿನ ಪಹಣಿ ತೆಗೆಸಿ ನೋಡಿದೆ.
ಸಾಲ, ಬೆಳೆ, ಬಾವಿ, ಎಲ್ಲಕ್ಕೂ ಕಾಲಂ ಉಂಟು.
ಹಸ್ತೆಗೆ ಇಲ್ಲ.

ತರ್ಜುಮೆ ಮಾಡಿದೆ, ಒಂದಕ್ಷರ ಸೇರಿಸದೆ.
ಕೋರ್ಟಿನಲ್ಲಿ ಇದು ನಿಲ್ಲುತ್ತದೆಯೋ, ನನಗೆ ಗೊತ್ತಿಲ್ಲ.
ಬ್ಯಾಡ ಅಂದರೂ ಅವಳು ರೊಕ್ಕ ಎಣಿಸಿಟ್ಟಳು.
"ರಸೀದಿ ಕೊಡ್ರಿ."

ಹರಿದ ಹಾಳೆಯ ಮೇಲುಗಡೆ ಬರೆದೆ:
ಸೂಗಮ್ಮನಿಂದ, ಪೂರಾ ಪಾವತಿ.
ಕೆಳಗೆ ಹಸ್ತೆಯ ಜಾಗ ಖಾಲಿ ಬಿಟ್ಟೆ.

ಅವಳಿಗೆ ಓದು ಬರದು.
ಅಂಚಿಗೆ ಸೂಜಿ ಚುಚ್ಚಿ
ದಾರಕ್ಕೆ ಪೋಣಿಸಿದಳು.