ಹಿತ್ತಾಳೆ ಹಿಡಿ

ಸೌತಾಂಪ್ಟನ್, ಅರವತ್ತೈದನೆಯ ಇಸವಿ.
ಬಂದರಿನಿಂದ ಎರಡು ಮೈಲಿ, ಟ್ರಾನ್ಸಿಸ್ಟರ್ ಕಾರ್ಖಾನೆ.
ಮಂಗಳವಾರದ ಮಾಲು ಮಾತ್ರ ಕಿವುಡು.
ಮೀಟರಿನ ಮುಳ್ಳು ಒಮ್ಮೆ ಮಿಸುಕಿ ಮತ್ತೆ ಮಲಗುತ್ತದೆ,
ಎಬ್ಬಿಸಿದವರನ್ನು ಬೈದುಕೊಂಡ ಹಾಗೆ.

ಒಳಗಿನ ಸಂಗತಿ ನನಗೆ ಗೊತ್ತಿತ್ತು.
ಜರ್ಮೇನಿಯಂ: ಒಬ್ಬೊಬ್ಬನಿಗೂ ನಾಲ್ಕು ಕೈ,
ನಾಲ್ಕರಲ್ಲೂ ಪಕ್ಕದವರ ಕೈ.
ಯಾರಿಗೂ ಬಿಡುವಿಲ್ಲ, ಯಾರೂ ಏನನ್ನೂ ಸಾಗಿಸುವುದಿಲ್ಲ.
ಅದರ ನಡುವೆ ಆಂಟಿಮನಿ, ಐದು ಕೈಯವನು,
ಕೋಟಿಗೊಬ್ಬ.
ಹಿಡಿಯಲು ಜೊತೆ ಸಿಗದ ಅವನ ಐದನೆಯ ಕೈ
ಹರಳಿನ ತುಂಬ ಓಡಾಡುತ್ತದೆ.
ಅದನ್ನೇ ನಾವು ಕರೆಂಟು ಅನ್ನುವುದು.

ಹಾಲಿಗೆ ಹೆಪ್ಪು ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.
ಒಂದು ಹನಿ ಮಜ್ಜಿಗೆ, ಬೆಳಗ್ಗೆ ಗಡ್ಡೆ ಮೊಸರು.
ಒಂದು ಹನಿ ನಿಂಬೆ, ಒಡೆದ ಹಾಲು.
ಮಂಗಳವಾರ ಯಾರೋ ನಿಂಬೆ ಹಿಂಡುತ್ತಿದ್ದರು.

ಫೋರ್‌ಮನ್ ಸ್ಟ್ರೈಡ್ ನನ್ನ ಉಗುರು ನೋಡಿದ.
ಅರಿಸಿನ. ಭಾನುವಾರದ ಚಿತ್ರಾನ್ನದ್ದು, ನಾನೇ ಕಲಸಿದ್ದು.
ಏನೂ ಅನ್ನಲಿಲ್ಲ.
ಮರುದಿನದಿಂದ ನನಗೊಬ್ಬನಿಗೆ
ಮೂರು ಸಲ ಕೈತೊಳೆತ, ಎರಡು ಜೊತೆ ಕೈಗವಸು.
ಸೋಮವಾರ ರಾತ್ರಿ ನಾನೂ ಉಗುರು ಉಜ್ಜಿಕೊಂಡೆ,
ನಿಂಬೆ ಹೋಳಿನಿಂದಲೇ,
ನನ್ನ ಮೇಲೆ ನನಗೇ ಅನುಮಾನ ಬಂದು.
ಮಂಗಳವಾರ ಕಿವುಡೇ.

ಕಂಡುಹಿಡಿದವಳು ಬೆರಿಲ್ ಪಾಥಕರಿ,
ದಿನಾ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆರೆಯುವವಳು.
"ಈ ಹಿಡಿ ಯಾಕೆ ಇವತ್ತೇ ಇಷ್ಟು ಹೊಳೀತಿದೆ?"
ಪ್ರತಿ ಸೋಮವಾರ ಸಂಜೆ ಕಸ ಗುಡಿಸುವ ಪರ್ಸಿ
ಹಿತ್ತಾಳೆಯನ್ನು ಮುಖ ಕಾಣುವ ತನಕ ತಿಕ್ಕುತ್ತಿದ್ದ.
ಹೊಳಪಿನಿಂದ ಕೈಗವಸಿಗೆ, ಕೈಗವಸಿನಿಂದ ಚಿಮಟಕ್ಕೆ,
ಚಿಮಟದಿಂದ ಹರಳಿಗೆ
ಯಾವ ತಕ್ಕಡಿಯೂ ತೂಗಲಾರದಷ್ಟು ತಾಮ್ರ.
ಊರಿನ ಮನೆಮನೆಗೂ ದೀಪ ತಲುಪಿಸುವ ಅದೇ ತಾಮ್ರ
ಇಲ್ಲಿ ದಾರಿ ನಡುವಿನ ಹಾಳುಬಾವಿ,
ಹೋಗುವವರನ್ನೂ ಬರುವವರನ್ನೂ ಸದ್ದಿಲ್ಲದೆ ನುಂಗುತ್ತಿತ್ತು.

ಮರದ ಹಿಡಿ ಬಂತು.
ಪರ್ಸಿ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ.
ಎರಡನೆಯ ಜೊತೆ ಕೈಗವಸನ್ನು ಸ್ಟ್ರೈಡ್ ವಾಪಸು ಕೇಳಿದ,
ಉಗ್ರಾಣದ ಲೆಕ್ಕಕ್ಕೆ ಬೇಕಂತೆ.
ಅದಕ್ಕಿಂತ ಹೆಚ್ಚು ಮಾತು ಆಗಲಿಲ್ಲ.

ಬೆರಿಲ್ ಉಸಿರು ಬಿಗಿಹಿಡಿದು ಆಂಟಿಮನಿ ತೂಗುತ್ತಿದ್ದಳು.
"ಇದೂ ಕೊಳೆಯೇ,"
ಅಂದಳು, ತಕ್ಕಡಿಯಿಂದ ಕಣ್ಣೆತ್ತದೆ.
"ಇದನ್ನ ತೂಗಿ ಹಾಕ್ತೀವಿ, ಅಷ್ಟೆ."