ಕೊನೆಯ ಹತ್ತೊಂಬತ್ತು ಸೆಕೆಂಡು

ನಾನು ಮಿನಿಬಸ್ಸು ಓಡಿಸುವವನು. ಕುತೈಸಿಯಿಂದ ಗಣಿಯೂರಿಗೆ
ದಿನಕ್ಕೆ ಮೂರು ಸಲ. ಸಿನಿಮಾದ ಗೊಡವೆ ನನಗೇಕೆ ಹೇಳಿ?
ಆದರೂ ಒಂದು ಚಳಿಗಾಲ ಪೂರ್ತಿ
ನನ್ನ ಎರಡೂ ತೋಳು ತಂಗಿಯ ಮೈಕಿಗೆ ಕಂಬವಾಗಿದ್ದವು.
ಕೈ ನಡುಗಬಾರದು, ಉಸಿರು ಕೇಳಬಾರದು,
ಚೌಕಟ್ಟಿನೊಳಗೆ ನೆರಳೂ ಬೀಳಬಾರದು.
ಇದ್ದೂ ಇಲ್ಲದಂತಿರುವುದನ್ನು ಇಷ್ಟು ಕಟ್ಟುನಿಟ್ಟಾಗಿ
ಸೇನೆಯಲ್ಲೂ ಯಾರೂ ಕಲಿಸಿರಲಿಲ್ಲ.

ತಿಯೋನಾ. ಇಪ್ಪತ್ತೇಳು.
ಹಗಲು ಪರದೇಶದ ಧಾರಾವಾಹಿಗಳಿಗೆ ಅಡಿಬರಹ ಬರೆಯುತ್ತಾಳೆ,
ನಿಮಿಷಕ್ಕೆ ಇಷ್ಟು ತೆತ್ರಿ ಎಂದು.
ಇಸ್ತಾಂಬುಲಿನ ಅತ್ತೆಯರು ಇವಳ ಬೆರಳ ತುದಿಯಲ್ಲಿ
ನಮ್ಮೂರ ಬೈಗುಳ ಕಲಿಯುತ್ತಾರೆ.
ರಾತ್ರಿ ಅವಳದು.
ಒಂದು ನೀಲಿ ವಹಿ: ಎಡಪುಟ ಚಿತ್ರಕ್ಕೆ, ಬಲಪುಟ ಕಥೆಗೆ.
ಎಡಕ್ಕೆ 'ಮಳೆ' ಎಂದು ಬರೆದು, ಪಕ್ಕದಲ್ಲಿ
'ಬೆಂಕಿ ಆರಿಸುವ ಗಾಡಿ, ಬಾಡಿಗೆ ಮುನ್ನೂರು' ಎಂದು ಬರೆದು
ಎರಡನ್ನೂ ಹೊಡೆದುಹಾಕುತ್ತಾಳೆ.
ಬಲಕ್ಕೆ ಅದೇ ಮಳೆ ಪುಕ್ಕಟೆ ಸುರಿಯುತ್ತದೆ
ಮೂರು ಪುಟ, ಚರಂಡಿ ಕಟ್ಟುವವರೆಗೆ.

ನಮ್ಮಲ್ಲಿ ಮ್ಯಾಂಗನೀಸು ಮೇಲೆ, ಮನೆ ಕೆಳಗೆ.
ತಂತಿಗೆ ಜೋತುಬಿದ್ದ ತಗಡಿನ ಪೆಟ್ಟಿಗೆಯಲ್ಲಿ
ಮೂರು ತಲೆಮಾರು ಕೆಲಸಕ್ಕೆ ಹೋಗಿಬಂತು.
ಮೇಲಿನ ನಿಲ್ದಾಣದ ಬಾಗಿಲಿಗೆ ತ್ಸಿಯಾಲಾ.
ಮೂವತ್ತೆಂಟು ವರ್ಷ. ತೆಗೆ, ಹಾಕು. ತೆಗೆ, ಹಾಕು.
'ನನ್ನ ಮೇಲೆ ಸಿನಿಮಾವೇ? ಅದನ್ನು ಆಚೆ ಇಡು,
ಮೊದಲು ಈ ಕಾಳಿನ ರೊಟ್ಟಿ ತಿನ್ನು.'
ಆ ರೊಟ್ಟಿ ತಿನ್ನುವುದೂ ಚಿತ್ರದಲ್ಲಿದೆ. ಅಗಿಯುವ ಸದ್ದು ನನ್ನದು.

ಕೊನೆಯ ಸರತಿ, ಡಿಸೆಂಬರು, ಸಂಜೆ ಐದು.
ಪೆಟ್ಟಿಗೆ ಖಾಲಿಯಾಗಿ ಇಳಿಯಿತು. ತ್ಸಿಯಾಲಾ ಕೋಟಿನ ಗುಂಡಿ ಹಾಕಿಕೊಂಡಳು,
ಬಾಗಿಲೆಳೆದಳು, ಕೀಲಿ ಹುಡುಕಿದಳು.
ಆಗಲೇ ಕ್ಯಾಮೆರಾದ ಬ್ಯಾಟರಿ ಚಳಿಗೆ ಸತ್ತಿತು.
ತಂಗಿ ಅದನ್ನು ಕಂಕುಳಲ್ಲಿಟ್ಟಳು, ಉಜ್ಜಿದಳು,
ಮರಿ ಹಕ್ಕಿಯೋ ಎಂಬಂತೆ ಬಾಯಿಂದ ಊದಿದಳು.
ಅಷ್ಟರಲ್ಲಿ ಬೀಗ ಬಿದ್ದಿತ್ತು.
'ಇನ್ನೊಂದು ಸಲ, ಅಜ್ಜಿ...'
'ಕೊನೆಯದು ಇನ್ನೊಂದು ಸಲ ಬರುತ್ತದೇನೇ, ಹುಚ್ಚಿ?'
ಕೀಲಿ ಜೇಬಿಗೆ. ಮೆಟ್ಟಿಲಿಳಿದೇಬಿಟ್ಟಳು.
ನಾನು ಮಾತ್ರ ಪೆದ್ದನ ಹಾಗೆ
ಮೈಕು ಎತ್ತಿ ಹಿಡಿದು ನಿಂತೇ ಇದ್ದೆ.
ಇಳಿಸು ಎಂದು ಯಾರೂ ಹೇಳಿರಲಿಲ್ಲ.

ಹಾಗಾಗಿ ಹದಿನಾಲ್ಕು ನಿಮಿಷದ ಚಿತ್ರದ ತುದಿಗೆ
ಹತ್ತೊಂಬತ್ತು ಸೆಕೆಂಡು ಬರೀ ಕಪ್ಪು,
ಕಪ್ಪಿನೊಳಗೆ ಕೀಲಿ ತಿರುಗುವ ಸದ್ದು.
ಒಂದು ಉತ್ಸವದವರು ಬರೆದರು:
'ನಿಮ್ಮ ಪ್ರತಿ ಕೆಟ್ಟಿದೆ, ಕೊನೆಗೆ ಬಿಂಬವಿಲ್ಲ, ಮತ್ತೆ ಕಳಿಸಿ.'
ಅದನ್ನೇ ಮತ್ತೆ ಕಳಿಸಿದಳು.
ಇನ್ನೊಂದು ಉತ್ಸವ ಕರೆಯಿತು, ವಿಮಾನದ ಖರ್ಚು ನಿಮ್ಮದೇ ಎಂದು.
ಚಿತ್ರ ಹೋಯಿತು. ತಂಗಿ ಉಳಿದಳು.

ಊರಲ್ಲಿ ಶಾಲೆಯ ವ್ಯಾಯಾಮದ ಕೋಣೆ,
ಬಾಸ್ಕೆಟ್‌ಬಾಲಿನ ಕಂಬಕ್ಕೆ ಕಟ್ಟಿದ ಬಿಳಿ ಹೊದಿಕೆ, ಹದಿನೇಳು ಜನ.
ಪರದೆ ಕಪ್ಪಾದದ್ದೇ ಗಣಿತದ ಮೇಷ್ಟ್ರು ದೀಪ ಹಾಕಲು ಎದ್ದರು.
'ಕೂತುಕೊಳ್ಳಯ್ಯಾ,' ಎಂದಳು ಕತ್ತಲಲ್ಲಿ ತ್ಸಿಯಾಲಾ,
'ಬಾಗಿಲು ಹಾಕುತ್ತಿದ್ದೇನೆ.'

ವಹಿಯ ಬಲಪುಟ ಮಾತ್ರ ಸುಮ್ಮನಿರಲಿಲ್ಲ.
ಆ ಬೀಗದ ಮೇಲೆ ನಾಲ್ಕು ಪುಟ; ಕುತೈಸಿಯ ಸಣ್ಣ ಪತ್ರಿಕೆಯೊಂದು
ಅಚ್ಚು ಹಾಕಿತು. ಸಂಭಾವನೆ ಐದು ಪ್ರತಿ.
ಬಸ್ಸು ತುಂಬಲೆಂದು ಕಾಯುತ್ತ, ಸ್ಟೇರಿಂಗಿನ ಮೇಲೆ ಹರಡಿಕೊಂಡು ಓದಿದೆ.
ಅದರಲ್ಲಿ ತ್ಸಿಯಾಲಾಳ ಕೈಗೆ ಉಣ್ಣೆಯ ಗವುಸು.
'ಅವತ್ತು ಬರಿಗೈ ಇತ್ತಲ್ಲ,' ಎಂದೆ, 'ನಾನು ಅಲ್ಲೇ ಇದ್ದೆ.'
ಮುಂದಿನ ಸೀಟಿನಲ್ಲಿ ಯಾರದೋ ಅಡಿಬರಹ ತಿದ್ದುತ್ತಿದ್ದ ತಂಗಿ
ತಲೆಯೆತ್ತದೆ, 'ಗೊತ್ತು' ಎಂದಳು.
'ಬರೆಯುವಾಗ ಚಳಿಯಾಯಿತು.'

ನಾನು ಗಾಡಿ ಸ್ಟಾರ್ಟ್ ಮಾಡಿದೆ.
ಇನ್ನೂ ಎರಡು ಸೀಟು ಖಾಲಿ ಇದ್ದವು, ಆದರೂ.