ಒಂಬತ್ತು ತೂತು

ಏಳುತ್ತದೆ. ಏಳುವುದಿಲ್ಲ.
ಪೂರ್ತಿ ಕೆಟ್ಟದ್ದಾದರೆ ನನಗೆ ಭಯವಿಲ್ಲ,
ಮೂವತ್ತೊಂದು ವರ್ಷ ದಾರ್ಖಾನಿನ ಬಸ್ ಡಿಪೋದಲ್ಲಿ
ಪೂರ್ತಿ ಕೆಟ್ಟದ್ದನ್ನೇ ಬಿಚ್ಚಿಕೊಂಡು ಕೂತವನು.
ಕೆಟ್ಟ ಎಂಜಿನ್ನು ಕೆಟ್ಟಿದ್ದೇನೆ ಅಂತ ಒಪ್ಪಿಕೊಳ್ಳುತ್ತದೆ.
ಇದು ಒಪ್ಪುವುದಿಲ್ಲ.

ಖುಲಾನ್ ಒಂದೊಂದೇ ಭಾಗ ಕೂಡಿಸಿ ತಂದಳು:
ಬಾಗಿಲು ಹಾಕಿದ ಗೇಮಿನಂಗಡಿಯಿಂದ ಮದರ್‌ಬೋರ್ಡು,
ರೈಲ್ವೆಯಲ್ಲಿರುವ ಗೆಳತಿಯ ತಮ್ಮನಿಂದ ಪ್ರೊಸೆಸರು,
ಡಬ್ಬಿ ಮಾತ್ರ ಹೊಸದು, ಕಪ್ಪು, ಗಾಜಿನ ಪಕ್ಕೆ.
ಕೊರಿಯಾದ ಧಾರಾವಾಹಿಗಳಿಗೆ ನಮ್ಮ ಮಾತಿನ ಅಡಿಸಾಲು ಬರೆಯುತ್ತಾಳೆ,
ಕಂತಿಗಿಷ್ಟು ಅಂತ ದುಡ್ಡು.
ಜೋಡಿಸುವ ದಿನ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟಳು:
"ಅಪ್ಪ, ಬಿಗಿಯುವ ಕೆಲಸವೆಲ್ಲ ನಿನ್ನ ಪಾಲು."

ಮೊದಲ ವಾರ ಸರಿ. ಆಮೇಲೆ ಒಂದು ಬೆಳಿಗ್ಗೆ
ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು,
ಬೋರ್ಡಿನ ಮೂಲೆಯಲ್ಲಿ ಸಾಸಿವೆಯಷ್ಟು ಕೆಂಪು ದೀಪ.
ಆರಿಸಿ ಹಚ್ಚಿದಳು. ಕೆಂಪು.
ಆರಿಸಿ, ತುಸು ತಡೆದು, ಹಚ್ಚಿದಳು. ಎದ್ದಿತು,
ಏನೂ ನಡೆದೇ ಇಲ್ಲವೆನ್ನುವ ಹಾಗೆ.

ಹಳೇ ಡಿಪೋ ಪುಸ್ತಕದಲ್ಲಿ ಬರೆಯತೊಡಗಿದೆ:
ತಾರೀಖು, ಹೊರಗಿನ ಥಂಡಿ, ಎದ್ದಿತೋ ಇಲ್ಲವೋ.
ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ, ಎದ್ದಿತು.
ಹದಿನೆಂಟು ಕೆಳಗೆ, ಇಲ್ಲ.
ಥಂಡಿಯ ತಲೆಗೆ ಹೊರಿಸೋಣ ಎಂದಿದ್ದೆ, ಅದು ಹೊರಲಿಲ್ಲ.
ಆದರೂ ಒಂದು ಮುಂಜಾವು, ಅವಳು ನಿದ್ದೆಯಲ್ಲಿರುವಾಗ,
ಕೂದಲು ಒಣಗಿಸುವ ಯಂತ್ರ ಹಿಡಿದು ಬಿಸಿಗಾಳಿ ಊದಿದೆ,
ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯುತ್ತಿದ್ದ ಹಾಗೆ.
ಸದ್ದಿಗೆ ಬಂದವಳು ಬಾಗಿಲಿಗೆ ಒರಗಿ ನಕ್ಕಳು:
"ಅದನ್ನು ಎಬ್ಬಿಸಲು ಹೋಗಿ ನನ್ನನ್ನು ಎಬ್ಬಿಸಿದೆಯಲ್ಲ."

ಮೆಮೊರಿ ಪಟ್ಟಿ ಕಿತ್ತು ಅದರ ಚಿನ್ನದ ಹಲ್ಲು
ಪೆನ್ಸಿಲ್ ರಬ್ಬರಿನಲ್ಲಿ ತಿಕ್ಕಿದೆವು. ಎರಡು ದಿನ ಎದ್ದಿತು.
ಗುಂಡಿ ಬ್ಯಾಟರಿ ಬದಲಿಸಿದೆವು. ನಾಲ್ಕು ದಿನ.
ಡಿಪೋ ಆಫೀಸಿನ ಪವರ್ ಸಪ್ಲೈ, ಚಿಮ್ಗೀಯ ಕೈಕಾಲು ಹಿಡಿದು ತಂದದ್ದು,
ಒಂದೇ ದಿನ.
ಯಾವ ಮದ್ದಾದರೂ ಸ್ವಲ್ಪ ಹೊತ್ತು ನಾಟುತ್ತದೆ,
ಅದೇ ಅದರ ಮೋಸ.
ಕಂಬಳಿ ಸುತ್ತಿ ರಿಪೇರಿ ಅಂಗಡಿಗೆ ಒಯ್ದರೆ
ಏಳಕ್ಕೆ ಏಳು ಸಲ ಎದ್ದು ತೋರಿಸಿತು,
ವೈದ್ಯನ ಬಾಗಿಲಲ್ಲಿ ಹಲ್ಲುನೋವು ಬಿಡುವ ಹಾಗೆ.
ಅಂಗಡಿಯವನು ನಮ್ಮಿಬ್ಬರ ಮುಖ ನೋಡಿದ.
ದುಡ್ಡು ಬೇಡ ಅಂದ. ಅದು ಇನ್ನೂ ಅವಮಾನ.

ಕೊನೆಗೆ ಬೋರ್ಡನ್ನೇ ಮೇಲೆತ್ತಿ ಬೆನ್ನು ನೋಡಿದಳು.
ಬೆನ್ನಿನಲ್ಲಿ ಉಜ್ಜಿ ಉಜ್ಜಿ ಹೊಳೆವ ಒಂದು ಬೆಸುಗೆ ಚುಕ್ಕೆ.
ನೇರ ಕೆಳಗೆ, ಡಬ್ಬಿಯ ತಗಡಿನಲ್ಲಿ,
ಒಂದು ಹಿತ್ತಾಳೆ ಗೂಟ.
ಬೋರ್ಡಿಗೆ ಒಂಬತ್ತು ತೂತು.
ಗೂಟ ಹತ್ತು.

ಯಾರು ಹಾಕಿದ್ದು ಅಂತ ಅವಳು ಕೇಳಲಿಲ್ಲ.
ಬೆರಳಿಟ್ಟು ಎಣಿಸಿದಳು ಅಷ್ಟೇ, ಎರಡು ಸಲ.

ತೂತು ಕಂಡರೆ ಖಾಲಿ ಬಿಡಬೇಡಿ:
ಡಿಪೋಗೆ ಬಂದ ಹುಡುಗರಿಗೆಲ್ಲ ನಾನು ಹೇಳಿದ ಮೊದಲ ಮಾತು.
ಆ ಮಾತಿನಿಂದ ಒಂದು ಚಕ್ರವೂ ದಾರಿಯಲ್ಲಿ ಕಳಚಲಿಲ್ಲ.
ತಗಡಿನಲ್ಲಿ ಇನ್ನೊಂದು ತೂತಿತ್ತು, ಚೀಲದಲ್ಲಿ ಇನ್ನೊಂದು ಗೂಟವಿತ್ತು.
ಕೂರಿಸಿದೆ. ಗಟ್ಟಿಯಾಗಿಯೇ.
ಬೀದಿಯಲ್ಲಿ ಕಲ್ಲಿದ್ದಲ ಲಾರಿ ಹೋದರೆ, ಮೊಣಕಾಲು ಡಬ್ಬಿಗೆ ತಾಗಿದರೆ,
ಕೂದಲೆಳೆಯಷ್ಟು ಬಾಗಿ ತಗಲುತ್ತಿತ್ತು.
ಬಾಗದ ದಿನ ಇಲ್ಲ.

ತೆಗೆದು ಇವತ್ತಿಗೆ ಹನ್ನೊಂದು ದಿನ.
ಹನ್ನೊಂದೂ ಎದ್ದಿದೆ. ಆದರೆ ಬ್ಯಾಟರಿಗೂ ನಾಲ್ಕು ದಿನ ಎದ್ದಿತ್ತಲ್ಲ.
ಎಷ್ಟು ದಿನ ಕಳೆದರೆ ವಾಸಿ ಅನ್ನುವುದು?
ಪುಸ್ತಕದಲ್ಲಿ ಆ ಕಲಂ ಇಲ್ಲ.

ಖುಲಾನ್ ಗುಂಡಿ ಒತ್ತಿ, ತಿರುಗಿಯೂ ನೋಡದೆ,
ಉಪ್ಪಿನ ಚಹಾ ಇಡಲು ಹೋಗುತ್ತಾಳೆ.
ಪೆನ್ಸಿಲ್ ಹಿಡಿದು ನಿಂತಿರುವವನು ನಾನು.
ಸರಿಯಿರುವ ದಿನವೂ ಆ ಕೆಂಪು
ಒಮ್ಮೆ ಹೊತ್ತಿಕೊಂಡೇ ಆರುವುದು.